ಊರಿಗೆಲ್ಲ ಮದ್ರೀನಾ

ಬೆಳಗಿನ ಜಾವ ಐದೂಕಾಲು. ಕ್ಯಾಲಿಫೋರ್ನಿಯಾದ ಬಾದಾಮಿ ತೋಪುಗಳ ನಡುವಿನ ಸಾಲಿತ್ರಾಲ್ ಊರಿನಲ್ಲಿ ಗ್ರಿಸೆಲ್ಡಾ ಓರೋಪೆಸಾ ಟಾರ್ಚ್ ಹಿಡಿದು ತಮ್ಮ ಹಳದಿ ಶಾಲಾ ಬಸ್ಸಿನ ಸುತ್ತ ಬರುತ್ತಾರೆ, ಒಂದೊಂದೇ ಚಕ್ರಕ್ಕೆ ಒದ್ದು ನೋಡುತ್ತಾರೆ. ಮೂರನೆಯ ಚಕ್ರಕ್ಕೆ ಬರುವಷ್ಟರಲ್ಲಿ ಫೋನು.

"ನಲ್ಲೀಲಿ ಮತ್ತೆ ಕೆಂಪು ನೀರು, ಕೌನ್ಸಿಲರಮ್ಮ!"

"ಒಂದು ಬಾಟ್ಲಲ್ಲಿ ಹಿಡ್ಕೊಂಡು ಬಸ್ ಸ್ಟಾಪಿಗೆ ಬನ್ನಿ ದೊನ್ಯಾ ಚೋಲೆ," ಎನ್ನುತ್ತಾ ಆಕಳಿಸುತ್ತಾರೆ.

ನಲವತ್ತಮೂರರ ಗ್ರಿಸೆಲ್ಡಾ ಎರಡನೇ ಸಲ ನಗರಸಭೆಗೆ ಆರಿಸಿ ಬಂದವರು. ಹೊಟ್ಟೆಪಾಡಿಗೆ ಬಸ್ಸು. ಹತ್ತೊಂಬತ್ತು ಸ್ಟಾಪು, ಅರವತ್ತೆರಡು ಮಕ್ಕಳು. ಮಕ್ಕಳನ್ನು ಹತ್ತಿಸಲು ಬಂದ ತಾಯಂದಿರೆಲ್ಲ ಬಾಗಿಲಿಗೆ ಆತು ದೂರು ಹೇಳುತ್ತಾರೆ: ಗುಂಡಿ, ಬೀದಿದೀಪ, ಬೀದಿನಾಯಿ. ಎಂಟು ಗಂಟೆಯೊಳಗೆ ಹನ್ನೊಂದು ದೂರು. ಗಂಡ ಎಫ್ರಾಯಿನ್ ಹಣ್ಣಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವಾಗ ಇವರು ಹೊರಟಾಗಿರುತ್ತದೆ. ಇಬ್ಬರೂ ಒಟ್ಟಿಗೆ ಕೂತು ಉಣ್ಣುವುದು ಭಾನುವಾರ ಮಾತ್ರ.

ಇವಿಷ್ಟೂ ಸಾಲದೆಂಬಂತೆ ಮದ್ರೀನಾ, ಅಂದರೆ ಧರ್ಮತಾಯಿಯ, ಪಟ್ಟ. ಇಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ದೊಡ್ಡ ಹಬ್ಬ. ಕೇಕಿಗೊಬ್ಬಳು, ಕಿರೀಟಕ್ಕೊಬ್ಬಳು, ಷೂಗೊಬ್ಬಳು ಎಂದು ಖರ್ಚು ಹೊರುವ ಧರ್ಮತಾಯಿ ಬೇಕು. ಬುಟ್ಟಿಯಲ್ಲಿ ಸಿಹಿ ಬ್ರೆಡ್ಡು ತಂದು ಕೇಳುತ್ತಾರೆ. ಬ್ರೆಡ್ಡು ಮುರಿದು ಬಾಯಿಗಿಟ್ಟರೆ ಒಪ್ಪಿದಂತೆ, ಆಮೇಲೆ ಹಬ್ಬಕ್ಕೆ ತಪ್ಪಿಸುವಂತಿಲ್ಲ. ಈ ವರ್ಷ ಗ್ರಿಸೆಲ್ಡಾ ಏಳು ಬುಟ್ಟಿ ಒಪ್ಪಿಕೊಂಡಿದ್ದಾರೆ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಅತ್ತೆ ತೋಮಾಸಾ ಒಲೆಯ ಮುಂದಿನಿಂದಲೇ ಚುಚ್ಚುತ್ತಾರೆ. ಸೊಸೆ ಜಗಳಕ್ಕೆ ಹೋಗುವುದಿಲ್ಲ. "ಅತ್ತೆ ಹೇಳೋದು ಸುಳ್ಳಲ್ಲ. ಮಾರ್ಚಲ್ಲಿ ನನ್ನ ಯಾರೆಲಿ ಶಾಲೇಲಿ ಹಾಡಿದ್ಲು. ಅವತ್ತೇ ದೊಡ್ಡ ಪೈಪ್ ಒಡೀತು. ಮಗಳ ಹಾಡನ್ನ ಕೆಸರಲ್ಲಿ ನಿಂತ್ಕೊಂಡು ಫೋನಲ್ಲಿ ನೋಡ್ದೆ."

ಅಕ್ಟೋಬರಿಗೆ ಯಾರೆಲಿಗೂ ಹದಿನೈದು. ಹಬ್ಬದ ಮಾತೆತ್ತಿದರೆ, "ಬೇಡ ಬಿಡು, ನೀನು ಹೇಗೂ ಬರಲ್ಲ," ಎಂದುಬಿಟ್ಟಿದ್ದಳು. ಆ ಮಾತು ಗ್ರಿಸೆಲ್ಡಾರನ್ನು ತಿಂಗಳುಗಟ್ಟಲೆ ತಿಂದಿದೆ. ನಗರಸಭೆಗೆ ರಾಜೀನಾಮೆಯ ಕಾಗದ ಬರೆದು ಬಸ್ಸಿನ ಡ್ರಾಯರಿನಲ್ಲಿ ಇಟ್ಟುಕೊಂಡೇ ಓಡಾಡಿದ್ದಾರೆ.

ಕಳೆದ ಮಂಗಳವಾರ ಏಳನೇ ಸ್ಟಾಪಿನಲ್ಲಿ ದೂರು ಹೇಳುವವರ ಸಾಲಿನ ಕೊನೆಗೆ ಯಾರೆಲಿ ನಿಂತಿದ್ದಳು. ಕೈಯಲ್ಲಿ ಬುಟ್ಟಿ. ಅಮ್ಮನನ್ನು ಬಹುವಚನದಲ್ಲಿ ಮಾತಾಡಿಸಿದಳು: "ಕೌನ್ಸಿಲರ್ ಅವರೇ, ನನ್ನ ಷೂಗೆ ಮದ್ರೀನಾ ಆಗ್ತೀರಾ?"

"ಹುಚ್ಚು ಹುಡುಗಿ, ನಾನು ನಿನ್ನ ಅಮ್ಮ ಕಣೇ!"

"ಅಮ್ಮ ಬರ್ತಾಳೋ ಇಲ್ವೋ, ಯಾರಿಗ್ ಗೊತ್ತು? ಮದ್ರೀನಾ ಮಾತ್ರ ಇವತ್ತಿನವರೆಗೂ ಒಂದು ಹಬ್ಬಾನೂ ತಪ್ಪಿಸಿಲ್ಲ."

ಬಸ್ಸಿನೊಳಗೆ ಮೂವತ್ತು ಮಕ್ಕಳು ಕತ್ತು ಚಾಚಿ ನೋಡುತ್ತಿದ್ದರು. ಗ್ರಿಸೆಲ್ಡಾಗೆ ನಾಚಿಕೆಯಾಯಿತು, ಅಳು ಬಂತು. ಸ್ಟೇರಿಂಗಿನ ಮುಂದೆ ಕೂತೇ ಬ್ರೆಡ್ಡು ಮುರಿದು ಬಾಯಿಗಿಟ್ಟರು. ಅವತ್ತು ಶಾಲೆಗೆ ಬಸ್ಸು ನಾಲ್ಕು ನಿಮಿಷ ತಡ. ಹನ್ನೊಂದು ವರ್ಷದಲ್ಲಿ ಇದೇ ಮೊದಲಂತೆ.

ರಾಜೀನಾಮೆ ಕಾಗದ ಇನ್ನೂ ಡ್ರಾಯರಿನಲ್ಲೇ ಇದೆ. ಕೊಡುತ್ತೀರಾ ಎಂದರೆ ಕಣ್ಣುಜ್ಜಿಕೊಳ್ಳುತ್ತಾರೆ. "ಗೊತ್ತಿಲ್ಲ. ಸುಸ್ತಾಗಿದೆ, ಅದಂತೂ ನಿಜ. ಒಂದೇ ಆಸೆ. ಅಕ್ಟೋಬರಿನಲ್ಲಿ ಅವಳ ಹಬ್ಬದ ಶನಿವಾರ ಪೈಪ್ ಒಡೆದ್ರೆ ಕೆಳಗೊಂದು ಬಕೆಟ್ ಇಡಿ. ನಾನು ಸಿಗಲ್ಲ. ನಾನು ಬ್ರೆಡ್ ತಿಂದಿದೀನಿ."