ಒಂದು ಸೌಟು ಬಿಸಿನೀರು

ಚಾಮರಾಜಪುರಂನ ಅಲಮೇಲಮ್ಮನವರು ನಗುವುದೇ ಇಲ್ಲ ಎನ್ನುವವರು ಅವರನ್ನು ಸರಿಯಾಗಿ ನೋಡಿಲ್ಲ. ಅವರು ನಗುತ್ತಾರೆ, ಚೆನ್ನಾಗಿಯೇ ನಗುತ್ತಾರೆ. ಆದರೆ ನಗು ಹೊರಗೆ ಬರುವ ಮೊದಲೇ ಸೆರಗು ಬಾಯಿಗೆ ಬಂದಿರುತ್ತದೆ. ಎಪ್ಪತ್ತು ತುಂಬಿದ ಈ ಹೆಂಗಸಿನ ಮುಂಬಲ್ಲುಗಳನ್ನು ನೆಟ್ಟಗೆ ಕಂಡವರು ಆ ಬೀದಿಯಲ್ಲಿ ಯಾರೂ ಇಲ್ಲ, ಮನೆಯಲ್ಲೂ ಇಲ್ಲವೆಂದೇ ಹೇಳಬೇಕು.

ಹಲ್ಲು ಉಬ್ಬು. ಅಷ್ಟೇ ವಿಷಯ. ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದವರ ಮಗಳು, ಓದಿನಲ್ಲಿ ಜಾಣೆ, ಬಣ್ಣವೂ ಇತ್ತು, ಕೂದಲೂ ಇತ್ತು. ಆದರೂ ಚಿಕ್ಕಪ್ಪನ ಮಕ್ಕಳು ಇಟ್ಟ ಹೆಸರು ತುರಿಮಣೆ. ‘ತುರಿಮಣೆ ಬಂತು, ತೆಂಗಿನಕಾಯಿ ತನ್ನಿ’ ಎಂದು ಅವರು ಕೂಗಿದಾಗ ದೊಡ್ಡವರೂ ನಗುತ್ತಿದ್ದರು. ಮದುವೆಯ ವಯಸ್ಸು ಬಂದಾಗ ಏಳು ಕಡೆಯವರು ಬಂದು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದುಹೋದರು. ಪ್ರತಿ ಸಲವೂ ಅವರಮ್ಮ ಮಗಳ ಕಿವಿಯಲ್ಲಿ ಹೇಳುತ್ತಿದ್ದ ಮಾತು ಒಂದೇ: “ಬಾಯಿ ಮುಚ್ಕೊಂಡು ಕೂತ್ಕೋ, ಕೇಳಿದ್ರೆ ಹೂಂ ಅನ್ನು ಸಾಕು.” ಒಬ್ಬರು ಹಾಡು ಅಂದರು. ತುಟಿ ಬಿಚ್ಚದೆ ಹಾಡುವುದು ಹೇಗೆ? ಹೇಗೋ ಹಾಡಿದರು. ಸಂಗೀತವೆಲ್ಲ ಮೂಗಿನಿಂದ ಬರುತ್ತಿದೆಯಲ್ಲ ಎಂದು ಗಂಡಿನ ತಾಯಿ ಎದುರಿಗೇ ಅಂದುಬಿಟ್ಟರು. ಇಪ್ಪತ್ತೇಳಕ್ಕೆ ಒಬ್ಬ ಸ್ಕೂಲ್ ಮೇಷ್ಟ್ರು ಕೈ ಹಿಡಿದರು. ಒಳ್ಳೆಯ ಮನುಷ್ಯ, ಈಗಿಲ್ಲ. ಆ ಮದುವೆಯ ಫೋಟೋದಲ್ಲಿ ಅಲಮೇಲಮ್ಮನವರ ತುಟಿಗಳು ಹೊಲಿಗೆ ಹಾಕಿದಂತಿವೆ.

ಇಷ್ಟನ್ನು ಯಾಕೆ ಹೇಳಬೇಕಾಯಿತೆಂದರೆ, ಮೊಮ್ಮಗಳು ಮಾಲವಿಕಾಳಿಗೆ ಹಾಲುಹಲ್ಲು ಬಿದ್ದು ಹೊಸ ಮುಂಬಲ್ಲು ಬಂದಾಗ ಅವು ಅಜ್ಜಿಯ ಹಲ್ಲುಗಳೇ ಆಗಿದ್ದವು. ಆರು ವರ್ಷದವರೆಗೂ ಹೆಬ್ಬೆರಳು ಚೀಪುತ್ತಿದ್ದ ಹುಡುಗಿ, ಅದೂ ಸೇರಿಕೊಂಡಿತ್ತು. ಎಂಟನೇ ಹುಟ್ಟುಹಬ್ಬದ ದಿನ ಮೇಣದಬತ್ತಿ ಊದಲು ಅವಳು ತುಟಿ ಸೇರಿಸಲು ಒದ್ದಾಡಿದ್ದನ್ನು ನೋಡಿ ಅಲಮೇಲಮ್ಮನವರು ಅಂದೇ ಹಲ್ಲಿನ ಡಾಕ್ಟರ ಮಾತೆತ್ತಿದರು. ಮಗ ಸುದರ್ಶನ, “ದೊಡ್ಡವಳಾಗ್ಲಿ ಬಿಡಮ್ಮ, ಆಮೇಲೆ ನೋಡೋಣ” ಎಂದ. ಯಾರ ಮೇಲೂ ದನಿ ಎತ್ತದ ಆ ತಾಯಿ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಸೊಸೆ ಸೌಮ್ಯಳೇ ಡಾಕ್ಟರ್ ಲಹರಿಯವರ ಕ್ಲಿನಿಕ್ಕಿಗೆ ಫೋನ್ ಮಾಡಿದಳು.

ಲಹರಿ ಹಲ್ಲು ಜೋಡಿಸುವುದನ್ನೇ ಓದಿದವರು. “ಸರಿಯಾದ ವಯಸ್ಸಿಗೆ ಕರ್ಕೊಂಡ್ ಬಂದಿದೀರ. ದವಡೆ ಇನ್ನೂ ಬೆಳೀತಾ ಇದೆ, ಹೇಳಿದ ಮಾತು ಕೇಳುತ್ತೆ” ಎಂದರು. ಆಮೇಲೆ ಎರಡು ವರ್ಷ ತಿಂಗಳಿಗೊಮ್ಮೆ ಮಗುವನ್ನು ಸ್ಕೂಲಿನಿಂದ ಆಟೋದಲ್ಲಿ ಕರೆದೊಯ್ದವರು ಅಜ್ಜಿಯೇ. ಹಲ್ಲಿಗೆ ಹಾಕಿದ್ದ ತಂತಿ ಬಿಗಿ ಮಾಡಿದ ದಿನ ಮಗು ಏನೂ ಅಗಿಯಲಾರದೆ ಅತ್ತರೆ, ಅನ್ನವನ್ನು ನುಣ್ಣಗೆ ಹಿಸುಕಿ ತುಪ್ಪ, ಸಾರು ಕಲಸಿ ತಿನ್ನಿಸಿದವರೂ ಅವರೇ. “ನಂಗೆ ಬೇಡ ಅಜ್ಜಿ, ನಾನು ಹೀಗೇ ಇರ್ತೀನಿ” ಎಂದು ಅವಳು ಹಟ ಹಿಡಿದಾಗಲೆಲ್ಲ, “ಇನ್ನು ಸ್ವಲ್ಪ ದಿನ ಕಣಮ್ಮ” ಎನ್ನುತ್ತಿದ್ದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವರಿಗೂ ಗೊತ್ತಿರಲಿಲ್ಲ.

ತಂತಿ ಬಿಚ್ಚಿದ ದಿನ ಮಾಲವಿಕಾ ಕನ್ನಡಿ ಬಿಟ್ಟು ಕದಲಲಿಲ್ಲ. ಹಲ್ಲು ಸಾಲಾಗಿ, ಒಪ್ಪವಾಗಿ ಕೂತಿದ್ದವು. ಅಲಮೇಲಮ್ಮನವರು ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತರು. ಅಷ್ಟು ಸಂತೋಷ ಅವರಿಗೆ ತಮ್ಮ ಮದುವೆಯಲ್ಲೂ ಆಗಿರಲಿಲ್ಲ.

ಆದರೆ ಡಾಕ್ಟರು ಎಚ್ಚರಿಸಿದ್ದರು. “ಮುಗೀತು ಅಂದ್ಕೋಬೇಡಿ. ಬಿಟ್ರೆ ಹಲ್ಲು ಹಳೇ ಜಾಗಕ್ಕೇ ವಾಪಸ್ ಹೋಗುತ್ತೆ. ಊಟ ಮಾಡೋವಾಗ, ಹಲ್ಲು ಉಜ್ಜೋವಾಗ ಬಿಟ್ಟು ಯಾವಾಗ್ಲೂ ಇದನ್ನ ಹಾಕ್ಕೊಂಡೇ ಇರ್ಬೇಕು” ಎಂದು ಒಂದು ಪ್ಲೇಟ್ ಕೊಟ್ಟರು. ಅಂಗುಳಿಗೆ ಅಂಟಿ ಕೂರುವ ಗುಲಾಬಿ ಪ್ಲಾಸ್ಟಿಕ್ಕು, ಮುಂದೆ ಒಂದೆಳೆ ತಂತಿ. ಅದನ್ನು ಹೇಗೆ ನೋಡಿಕೊಳ್ಳಬೇಕೆಂಬ ಇಂಗ್ಲಿಷ್ ಹಾಳೆಯನ್ನು ಸೌಮ್ಯ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು. ಅದರ ಮೇಲೆ ಬೇಗನೆ ಮದುವೆಯ ಕಾಗದಗಳು ಬಂದು ಕೂತವು.

ಆ ಕಾಗದಗಳಲ್ಲಿ ಒಂದು, ಸೌಮ್ಯಳ ಸೋದರಮಾವನ ಮಗಳ ಮದುವೆಯದು. ಬನ್ನಿಮಂಟಪದ ಕಡೆ ಛತ್ರ. ಊಟಕ್ಕೆ ಕೂತಾಗ ಮಾಲವಿಕಾ ಪ್ಲೇಟ್ ತೆಗೆದು, ನಾಲ್ಕು ಜನರ ಮುಂದೆ ಕಾಣದಿರಲೆಂದು ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ತುದಿಗೆ ಇಟ್ಟಳು. ಹೋಳಿಗೆ ಬಂತು, ಪಾಯಸ ಬಂತು, ಮಾತು ಬಂತು. ಎಲೆ ಮಡಿಸಿ ಎದ್ದಳು. ಕೈ ತೊಳೆದು ಬರುವಷ್ಟರಲ್ಲಿ ಪಂಕ್ತಿಯ ಎಲೆಗಳೆಲ್ಲ ಹಿತ್ತಲು ಸೇರಿದ್ದವು.

ಮಗು ಖಾಲಿ ಮೇಜಿನ ಕೆಳಗೆ ಬಗ್ಗಿ ಹುಡುಕತೊಡಗಿತು. “ಪ್ಲೇಟ್ ಎಲ್ಲೇ?” ಎಂದು ಸೌಮ್ಯ ಗದರುವ ಹೊತ್ತಿಗೆ ಅಲಮೇಲಮ್ಮ ನಡುವೆ ಬಂದರು. “ನನ್ನ ಕೈಗೆ ಕೊಟ್ಟಿದ್ಲು ಕಣಮ್ಮ, ನಾನೇ ಎಲೆ ಪಕ್ಕ ಇಟ್ಟು ಮರೆತುಬಿಟ್ಟೆ.” ಹಸಿ ಸುಳ್ಳು. ಆಮೇಲೆ ಅವರು ಮಾಡಿದ ಕೆಲಸವನ್ನು ಬಾಯಿಮಾತಿನಲ್ಲಿ ಹೇಳಿದರೆ ಅವರನ್ನು ಬಲ್ಲವರು ಯಾರೂ ನಂಬುವುದಿಲ್ಲ. ಹೊರಗಿನಿಂದ ತಂದ ಹಾಲಿನ ಪ್ಯಾಕೆಟ್ಟನ್ನೂ ತೊಳೆದೇ ಒಳಗಿಡುವ ಹೆಂಗಸು, ಒಬ್ಬರ ಎಂಜಲು ಲೋಟ ತಗುಲಿದರೆ ಮತ್ತೆ ಕೈ ತೊಳೆಯುವ ಹೆಂಗಸು, ಹಿತ್ತಲಿಗೆ ಹೋಗಿ ರೇಷ್ಮೆ ಸೀರೆ ಎತ್ತಿ ಕಟ್ಟಿ ಎಂಜಲೆಲೆಯ ರಾಶಿಗೆ ಮೊಣಕೈವರೆಗೆ ಕೈ ಹಾಕಿದರು.

ಎಲೆ ಎತ್ತುವ ಹೆಂಗಸು ದಂಗಾಗಿ ನಿಂತಳು. “ಬುಡಿ ಅಮ್ಮಾರೇ, ಇನ್ನೂರ್ ಎಲೆ ಅವೆ, ಎಂಗ್ ಸಿಕ್ಕಾತು?”

ಅರ್ಧ ಗಂಟೆ ಕಳೆದ ಮೇಲೆ ಸಿಕ್ಕಿತು. ಸಾರಿನಲ್ಲಿ ನೆನೆದಿದ್ದ ಕಾಗದದ ಉಂಡೆಯೊಳಗೆ ಪ್ಲೇಟು ಇಡಿಯಾಗಿಯೇ ಇತ್ತು. ಮಾಲವಿಕಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಇನ್ನೂರು ಜನರ ಎಂಜಲಿನಲ್ಲಿ ಬಿದ್ದಿದ್ದ ವಸ್ತು ಮತ್ತೆ ಮಗುವಿನ ಬಾಯಿಗೆ ಹೋಗಬೇಕು. ಮನೆಗೆ ಬಂದ ಅಲಮೇಲಮ್ಮನವರಿಗೆ ತಣ್ಣೀರು ಸಾಕೆನಿಸಲಿಲ್ಲ. ಇದೇ ಮಾಲವಿಕಾ ಕೂಸಾಗಿದ್ದಾಗ ಹಾಲು ಕುಡಿಸುವ ಬೆಳ್ಳಿ ಒಳಲೆಯನ್ನು ಅವರು ಹೊತ್ತುಹೊತ್ತಿಗೂ ಕುದಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಮಗುವಿಗೆ ಒಂದು ದಿನವೂ ಹೊಟ್ಟೆ ಕೆಡಲಿಲ್ಲ. ಅದೇ ಲೆಕ್ಕ. ನೀರು ಕುದಿಸಿ ಪ್ಲೇಟಿನ ಮೇಲೆ ಹುಯ್ದರು. ಆಮೇಲೆ ಅದೇ ಅಭ್ಯಾಸವಾಯಿತು. ಬೆಳಿಗ್ಗೆ ಡಿಕಾಕ್ಷನ್‌ಗೆ ನೀರು ಕುದಿಯುವಾಗ ಒಂದು ಸೌಟು ಪ್ಲೇಟಿಗೆ. ಮಾಲವಿಕಾ ಆ ಹೊತ್ತಿಗೆ ಹಲ್ಲು ಉಜ್ಜಿ ಅಡಿಗೆಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು.

ಛತ್ರದ ನಿಜವನ್ನು ಮಗು ವಾರದೊಳಗೆ ಅಮ್ಮನ ಮುಂದೆ ಒಪ್ಪಿಕೊಂಡಿತು. ಸೌಮ್ಯ ಅತ್ತೆಗೆ ಹೇಳಿದ್ದು ಇಷ್ಟೇ: “ಅವಳ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋಬೇಡಿ ಅತ್ತೆ. ಜವಾಬ್ದಾರಿ ಬರೋದು ಯಾವಾಗ ಅವಳಿಗೆ?” ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಎರಡು ವಾರ ಕಳೆಯುವಷ್ಟರಲ್ಲಿ, “ಅಜ್ಜಿ, ಇದು ಕೂರ್ತಿಲ್ಲ, ಒಂದ್ಕಡೆ ಚುಚ್ಚುತ್ತೆ” ಎಂದು ಮಾಲವಿಕಾ ರಾಗ ತೆಗೆದಳು. ಎರಡು ವರ್ಷ ಇಂಥ ನೂರು ರಾಗ ಕೇಳಿದ್ದ ಅಜ್ಜಿ, “ಹಾಕ್ಕೊಂಡೇ ಇದ್ರೆ ಕೂರುತ್ತೆ” ಎಂದು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಅಂಗುಳಲ್ಲಿ ಹುಣ್ಣಾಯಿತು. ಅದಕ್ಕೆ ತುಪ್ಪ ಸವರಿದರು. ಆಮೇಲೆ ಪ್ಲೇಟು ಸ್ಕೂಲಿನಲ್ಲಿ ಬಾಯಿಗಿಂತ ಹೆಚ್ಚು ಜೇಬಿನಲ್ಲೇ ಇರತೊಡಗಿತು. ಮೂರು ತಿಂಗಳಿಗೆ ಡಾಕ್ಟರಿಗೆ ತೋರಿಸಬೇಕಾಗಿತ್ತು. ಪರೀಕ್ಷೆ ಬಂತು, ದಸರಾ ರಜೆಗೆ ನೆಂಟರು ಬಂದರು, ಐದು ತಿಂಗಳಾಯಿತು. ಹಲ್ಲು ದಿನಕ್ಕೆ ಕೂದಲೆಳೆಯಷ್ಟೂ ಸರಿಯುವುದಿಲ್ಲ; ದಿನಾ ನೋಡುವವರ ಕಣ್ಣಿಗೆ ಏನೂ ಕಾಣುವುದಿಲ್ಲ.

ಲಹರಿಯವರ ಕಣ್ಣಿಗೆ ಮಗು ಬಾಯಿ ತೆರೆದ ಕೂಡಲೇ ಕಂಡಿತು: ಹಲ್ಲು ಮತ್ತೆ ಮುಂದೆ ಬಂದಿದ್ದವು. ಅವರು ಬೀರುವಿನಿಂದ, ತಂತಿ ಬಿಚ್ಚಿದ ದಿನ ತೆಗೆದಿಟ್ಟಿದ್ದ ಮಾಲವಿಕಾಳ ಹಲ್ಲಿನ ಗಾರೆ ಅಚ್ಚು ತಂದು, ಪ್ಲೇಟನ್ನು ಅದರ ಮೇಲಿಟ್ಟರು. ಅದು ಒಂದು ಕಡೆ ಎದ್ದು ನಿಂತಿತು. ಒತ್ತಿದರೆ ಇನ್ನೊಂದು ಕಡೆ ಎದ್ದಿತು.

“ಪ್ಲೇಟ್ ಸೊಟ್ಟಗಾಗಿದೆ. ಬಿಸಿನೀರಿಗೆ ಏನಾದ್ರೂ ಹಾಕಿದ್ರಾ? ಹಾಳೆಯಲ್ಲಿ ಮೊದಲನೇ ಸಾಲೇ ಅದು.”

ಅಲಮೇಲಮ್ಮನವರಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಸೌಟು, ಹಬೆ, ಗುಲಾಬಿ ಪ್ಲೇಟು, ಬಾಗಿಲಲ್ಲಿ ಕಾಯುವ ಮಗು, ನೂರಕ್ಕೂ ಹೆಚ್ಚು ಬೆಳಗು. ಹುಣ್ಣಿನ ಮೇಲೆ ತಮ್ಮ ಹೆಬ್ಬೆರಳು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಮಾಲವಿಕಾ ಹೇಳಿಬಿಟ್ಟಳು.

“ಬಿಸಿನೀರಲ್ಲ. ನಾನು ಜೇಬಲ್ಲಿಟ್ಕೊಂಡು ಅದರ ಮೇಲೆ ಕೂತ್ಬಿಟ್ಟೆ. ಹಾಕ್ಕೊಂಡೇ ಇರ್ಲಿಲ್ಲ.”

ಸೌಮ್ಯ ಕಣ್ಣು ಮುಚ್ಚಿಕೊಂಡಳು. “ಎರಡು ವರ್ಷ ಮಾಲು. ಎರಡು ವರ್ಷ!”

“ಇಲ್ಲ ಕಣಮ್ಮ ಸೌಮ್ಯ, ಅವಳಲ್ಲ, ನಾನು. ದಿನಾ ಬೆಳಿಗ್ಗೆ ಕುದಿಯೋ ನೀರು ಹಾಕಿ ತೊಳೀತಿದ್ದೆ. ನಾನೇ ಹಾಳು ಮಾಡಿದ್ದು, ಡಾಕ್ಟ್ರೇ” ಎಂದರು ಅಲಮೇಲಮ್ಮ. ಅಭ್ಯಾಸಬಲ, ಅದನ್ನೂ ಸೆರಗಿನ ಮರೆಯಲ್ಲೇ ಹೇಳಿದರು.

“ಅತ್ತೆ, ದಯವಿಟ್ಟು ಸುಮ್ನಿರಿ. ಛತ್ರದಲ್ಲೂ ಹೀಗೇ ಹೇಳಿದ್ರಿ.”

“ಅದು ಸುಳ್ಳು ಕಣೇ, ಇದು ನಿಜ.”

“ಅವತ್ತೂ ನಿಜ ಅಂತಲೇ ಹೇಳಿದ್ರಿ.” ಸೌಮ್ಯ ಅವರ ಕಡೆ ತಿರುಗದೆಯೇ ಅಂದಳು. ಲಹರಿ ಮೆತ್ತಗೆ ನಕ್ಕು, “ಅಜ್ಜಿಯರೆಲ್ಲಾ ಹೀಗೇ ಬಿಡಿ” ಎಂದರು. ಹೊರಗೆ ಇನ್ನೂ ಆರು ಮಕ್ಕಳು ಕಾಯುತ್ತಿದ್ದರು. ಹಾಳಾದದ್ದು ಹೇಗೆ ಎನ್ನುವುದಕ್ಕಿಂತ ಮುಂದೇನು ಎನ್ನುವುದೇ ಅವರಿಗೆ ಮುಖ್ಯವಾಗಿತ್ತು. ಹೊಸ ಪ್ಲೇಟು ಇದ್ದಷ್ಟನ್ನು ಹಿಡಿದಿಡುತ್ತದೆ, ಹೋದದ್ದನ್ನು ತರುವುದಿಲ್ಲ. ಉಳಿದ ಹಾಲುಹಲ್ಲು ಬೀಳಲಿ, ಹದಿಮೂರಕ್ಕೆ ಮತ್ತೆ ತಂತಿ ಹಾಕಬೇಕು, ಈ ಸಲ ಹೆಚ್ಚು ದಿನ ಎಂದರು.

“ನಂಗೆ ಬೇಡ” ಎಂದಳು ಮಾಲವಿಕಾ. ಹಟದ ದನಿಯಲ್ಲ, ಸುಸ್ತಾದ ದನಿ. “ಮತ್ತೆ ಆಗಲ್ಲ ನಂಗೆ.” ಇನ್ನು ಸ್ವಲ್ಪ ದಿನ ಕಣಮ್ಮ ಎನ್ನಲು ಅಲಮೇಲಮ್ಮನವರಿಗೆ ನಾಲಿಗೆ ಏಳಲಿಲ್ಲ.

ಮನೆಗೆ ಬಂದ ಮೇಲೂ ಮಗನಿಗೆ ಹೇಳಿದರು, ಸೌಮ್ಯಳಿಗೆ ಮತ್ತೆ ಹೇಳಿದರು. ಸೌಟನ್ನೇ ತಂದು ತೋರಿಸಿದರು. “ಆಯ್ತಮ್ಮ, ಆಯ್ತು” ಎಂದ ಸುದರ್ಶನ, ಕಾಯಿಲೆಯವರಿಗೆ ಹೇಳುವ ಹಾಗೆ. ನಿಜ ಹೇಳುವುದೂ ಕೈಯಲ್ಲಿಲ್ಲದ ಮೇಲೆ ಮನುಷ್ಯ ಮಾಡುವುದಾದರೂ ಏನನ್ನು?

ಮಾರನೆಯ ಬೆಳಿಗ್ಗೆ ಡಿಕಾಕ್ಷನ್ ನೀರು ಕುದಿಯಿತು. ಅಲಮೇಲಮ್ಮನವರ ಕೈ ತಾನಾಗಿಯೇ ಪ್ಲೇಟಿನ ಡಬ್ಬಿಗೆ ಹೋಯಿತು. ಡಬ್ಬಿ ಖಾಲಿ, ಪ್ಲೇಟು ಡಾಕ್ಟರ ಹತ್ತಿರ ಉಳಿದಿತ್ತು. ಬಾಗಿಲಲ್ಲಿ ಮಾಲವಿಕಾ ಎಂದಿನಂತೆ ನಿಂತಿದ್ದಳು.

“ಯಾಕೆ ಮಗು ಸುಳ್ಳು ಹೇಳ್ದೆ? ದಿನಾ ನೋಡ್ತಿದ್ಯಲ್ಲ ನೀನು.”

ಅವಳು ಕಾಲ್ಬೆರಳಿನಿಂದ ನೆಲ ಕೆರೆದಳು. “ನೀನು ಎಲೆ ರಾಶೀಲಿ ಕೈ ಹಾಕಿದ್ಯಲ್ಲ ಅಜ್ಜಿ, ನಂಗೋಸ್ಕರ.” ಆಮೇಲೆ ಏನೋ ನೆನಪಾಗಿ, “ಅವತ್ತು ಎಷ್ಟು ಸಲ ಸೋಪ್ ಹಾಕ್ಕೊಂಡೆ ಗೊತ್ತಾ? ಹನ್ನೊಂದು! ನಾನು ಎಣಿಸ್ದೆ. ಆಮೇಲೂ ಕೈ ಮೂಸಿ ನೋಡಿ...” ಎಂದು ಕಿಸಕ್ಕನೆ ನಕ್ಕಳು.

ನಗುವಾಗ ಅವಳ ಎಡಗೈ ಮೇಲೆದ್ದು ಬಾಯಿಗೆ ಅಡ್ಡ ಬಂತು.

ಅಲಮೇಲಮ್ಮನವರು ಸೌಟು ಇಟ್ಟು ಅವಳ ಮಣಿಕಟ್ಟು ಹಿಡಿದು ಕೆಳಗೆ ಎಳೆದರು. ಬಿಟ್ಟ ಕೂಡಲೇ ಅದು ಮತ್ತೆ ಮೇಲಕ್ಕೆ ಹೋಯಿತು.

“ಕೈ ತೆಗಿ ಪುಟ್ಟಿ.”

“ಊಹೂಂ.”

“ನನ್ನ ಬಂಗಾರ ಅಲ್ವಾ, ತೆಗಿ. ಚೆನ್ನಾಗೇ ಇದೆ. ಹಲ್ಲು ಹೇಗಿದ್ರೇನು? ಯಾಕೆ ಮುಚ್ಕೋಬೇಕು?”

ಮಾಲವಿಕಾ ಕೈ ತೆಗೆಯಲಿಲ್ಲ. ಬೆರಳುಗಳ ಮೇಲಿನಿಂದ ಅಜ್ಜಿಯ ಮುಖವನ್ನೇ, ಮಾತಿನ ನಡುವೆ ಎಂದಿನಂತೆ ಬಾಯಿಗೆ ಬಂದಿದ್ದ ಸೆರಗನ್ನೇ ನೋಡಿದಳು.

“ನೀನು ತೆಗಿ ಮೊದ್ಲು” ಎಂದಳು.

ಅಲಮೇಲಮ್ಮನವರು ತೆಗೆಯಬೇಕೆಂದುಕೊಂಡರು. ನಿಜವಾಗಿ ಅಂದುಕೊಂಡರು. ಒಲೆಯ ಮೇಲೆ ನೀರು ಉಕ್ಕಿ ಬರ್ನರ್ ಆರಿತು. ಅಜ್ಜಿ, ಮೊಮ್ಮಗಳು ಇಬ್ಬರೂ ಬಾಯಿ ಮುಚ್ಚಿಕೊಂಡು ನಿಂತೇ ಇದ್ದರು.