ಅರವತ್ತು ವಾಟಿನ ಬಲ್ಬಿಗೆ ಕೆಂಪು ಪೆನ್ನು

ಅಚ್ಚುಕೂಟದವರು ಬೆನ್ನ ಹಿಂದೆ ಅವನನ್ನು ಕೆಂಪು ಪೆನ್ನು ಎಂದೇ ಕರೆಯುತ್ತಿದ್ದರು. ಕರಡು ತಿದ್ದುವುದು ಅವನ ಕೆಲಸ. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ಅದರಲ್ಲೇನೂ ತಪ್ಪಿಲ್ಲ ಬಿಡಿ; ಆದರೆ ಈ ಆಸಾಮಿ ಮನೆಗೆ ಬಂದ ಮೇಲೂ ಪೆನ್ನಿಗೆ ಮುಚ್ಚಳ ಹಾಕುತ್ತಿರಲಿಲ್ಲ. ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿಯನ್ನೂ ಬಿಟ್ಟವನಲ್ಲ.

"ಸೋಪಿಗೆ ದೀರ್ಘ ಹಾಕಿಲ್ಲ ನೋಡು."

"ದೀರ್ಘ ಇಲ್ದಿದ್ರೂ ನೊರೆ ಬರುತ್ತೆ, ತಗೊಂಡು ಬನ್ನಿ."

ಹೀಗಿರುವಾಗ ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ಬರೆದ ಎಲೆಕ್ಟ್ರಿಕ್ ಸರ್ಕ್ಯೂಟುಗಳ ಪುಸ್ತಕ ಅಚ್ಚಿಗೆ ಬಂತು. ಅದರ ಒಂದು ಸಮೀಕರಣದಲ್ಲಿ ಎಲ್ಲ ಕಡೆ ಕೂಡುವ ಗುರುತು, ಒಂದು ಕಡೆ ಮಾತ್ರ ಕಳೆಯುವ ಗುರುತು. ನಮ್ಮವನ ಕಣ್ಣಿಗೆ ಅದು ಚೆನ್ನಾಗಿ ಕಾಣಲಿಲ್ಲ. ಅಡ್ಡಗೆರೆಗೆ ಇನ್ನೊಂದು ಗೆರೆ ಎಳೆದು ಕೂಡುವುದನ್ನಾಗಿ ಮಾಡಿಬಿಟ್ಟ. ಮೇಷ್ಟ್ರು ಫೋನಿನಲ್ಲೇ ಜಾಡಿಸಿದರು.

"ಅಲ್ರೀ, ಕಾಮಾ ಫುಲ್‌ಸ್ಟಾಪು ನೋಡ್ಕೊಳ್ಳಿ ಅಂದ್ರೆ ಕರೆಂಟಿಗೇ ಕೈ ಹಾಕ್ತೀರಲ್ಲ! ಗೊತ್ತಿಲ್ಲದ ವಿಷಯ ನಿಮಗ್ಯಾಕೆ?"

ಅವನ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಏನು ತಾಯಿಯ ಹೊಟ್ಟೆಯಲ್ಲೇ ಕಲಿತುಕೊಂಡು ಬಂದನಾ? ತಾನೂ ಕಲಿತೇ ತೀರುತ್ತೇನೆಂದು ಹಟ ಹಿಡಿದ. ಕರಡಿನ ಹಾಳೆಗಳನ್ನು ಮನೆಗೆ ಹೊತ್ತು ತಂದ, ಮಲ್ಟಿಮೀಟರ್ ಕೊಂಡ, ಊಟದ ಮೇಜನ್ನು ಆಕ್ರಮಿಸಿದ. ಸುಳ್ಳು ಹೇಳಬಾರದು, ಕಲಿತ. ಒಂದು ಗಂಟಿಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಗೆ ಹೋಗಲೇಬೇಕು, ಲೂಪಿನಲ್ಲಿ ಒಂದು ಸುತ್ತು ಬಂದರೆ ಏರಿದ ವೋಲ್ಟೇಜೆಲ್ಲ ಇಳಿದಿರಲೇಬೇಕು ಎಂಬುದನ್ನು ಪುಟಗಟ್ಟಲೆ ಬಿಡಿಸಿ ಬಿಡಿಸಿ ಅರಗಿಸಿಕೊಂಡ. ಆ ಕಳೆಯುವ ಗುರುತು ಸರಿಯಾಗಿಯೇ ಇತ್ತೆಂಬುದೂ ಆಗ ತಿಳಿಯಿತು. ಆದರೆ ಅದೇನು ಮೇಷ್ಟ್ರಿಗೆ ಫೋನು ಮಾಡಿ ಹೇಳುವಷ್ಟು ದೊಡ್ಡ ವಿಷಯವಲ್ಲವೆಂದು ಸುಮ್ಮನಾದ.

ಹೆಂಡತಿಗೆ ಅಷ್ಟರಲ್ಲಿ ಬೇರೆಯದೇ ಹುಚ್ಚು ಹತ್ತಿತ್ತು. ಮಗಳು ಗಂಡನ ಮನೆಗೆ ಹೋದ ಮೇಲೆ ಅವಳ ಮಾತು ಕೇಳುವ ಜೀವ ಆ ಮನೆಯಲ್ಲಿ ಒಂದೂ ಇರಲಿಲ್ಲ. ಪಕ್ಕದ ಮನೆಯ ಅಕ್ಕನಿಂದ ಕೋಳಿಮೊಟ್ಟೆ ತಂದು, ಹಿತ್ತಲ ಜಗಲಿಯಲ್ಲಿ ಮರದ ಪೆಟ್ಟಿಗೆಯಿಟ್ಟು, ಒಳಗೆ ಎರಡು ಬಲ್ಬು ಉರಿಸಿ ಕಾವು ಕೊಡುತ್ತಿದ್ದಳು. ಒಂದು ಥರ್ಮಾಮೀಟರ್, ಒಂದು ಬಟ್ಟಲು ನೀರು. ಹೊತ್ತು ಹೊತ್ತಿಗೆ ಮೊಟ್ಟೆ ತಿರುಗಿಸಬೇಕು. ಒಂದು ಸಂಜೆ ಮೊಟ್ಟೆಯ ಹಿಂದೆ ಟಾರ್ಚು ಹಿಡಿದು ಕೂಗಿಕೊಂಡಳು.

"ರೀ, ಬೇಗ ಬನ್ನಿ! ಒಳಗೆ ಮಿಸುಕಾಡ್ತಾ ಇದೆ!"

"ಬಂದೆ ಇರು, ಈ ಲೂಪು ಮುಗೀಲಿ" ಅಂದ. ಲೂಪು ಮುಗಿಯಿತು, ಇನ್ನೊಂದು ಶುರುವಾಯಿತು. ಅವನು ಹೋಗಲೇ ಇಲ್ಲ.

ಇನ್ನೊಂದು ವಾರಕ್ಕೆ ಮರಿ ಬರಬೇಕು ಅನ್ನುವಾಗ ಅವಳ ತಾಯಿ ಬಿದ್ದು ಕಾಲು ಉಳುಕಿಸಿಕೊಂಡರು. ಹೋಗದೆ ವಿಧಿಯಿರಲಿಲ್ಲ.

"ನೀರು ಆರದ ಹಾಗೆ ನೋಡ್ಕೊಳ್ಳಿ, ಹೊತ್ತು ಹೊತ್ತಿಗೆ ಮೊಟ್ಟೆ ತಿರುಗಿಸಿ. ಮೂವತ್ತೇಳೂವರೆ ಡಿಗ್ರಿಗಿಂತ ಇಳೀಬಾರದು. ಬೇರೆ ಏನೂ ಮುಟ್ಟಬೇಡಿ, ನಿಮ್ಮ ದಮ್ಮಯ್ಯ."

"ಕರೆಂಟಿನ ವಿಷಯ ನನಗೆ ಹೇಳಿಕೊಡ್ತೀಯಾ?" ಎಂದು ನಕ್ಕ.

ಅವಳು ಬಸ್ಸು ಹತ್ತಿದ್ದೇ ತಡ, ಕಪಾಟಿನಿಂದ ಅದೇ ಥರದ ಹೊಸ ಬಲ್ಬು ತೆಗೆದು ಮಲ್ಟಿಮೀಟರ್ ಹಚ್ಚಿದ. ತಂತಿಯ ರೋಧ ಅರವತ್ತೈದು ಓಮ್ ತೋರಿಸಿತು. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ, ಬಂದದ್ದನ್ನು ಈ ಅರವತ್ತೈದರಿಂದ ಭಾಗಿಸಿದ. ಬಲ್ಬಿನ ಮೇಲೆ ಅಚ್ಚಾಗಿದ್ದದ್ದು ಅರವತ್ತು ವಾಟ್. ಲೆಕ್ಕಕ್ಕೆ ಬಂದದ್ದು ಎಂಟುನೂರು ಚಿಲ್ಲರೆ!

"ಕಳ್ಳ ನನ್ಮಕ್ಕಳು!" ಎಂದು ಕುಣಿದಾಡಿದ. ಅಚ್ಚಾದ ತಪ್ಪು ಸಿಕ್ಕರೆ ಅವನಿಗೆ ಹಬ್ಬವೇ. ಹಾಗಾದರೆ ಎರಡು ಬಲ್ಬಿಗೆ ಸಾವಿರದಾರುನೂರು ವಾಟ್. ಪಾಪ, ಮೊಟ್ಟೆಗಳು ಬೇಯುತ್ತಿವೆ! ಅಕ್ಕಪಕ್ಕ ಬೇರೆಬೇರೆಯಾಗಿ ಉರಿಯುತ್ತಿದ್ದ ಬಲ್ಬುಗಳನ್ನು ಬಿಚ್ಚಿ, ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ. ಈಗ ಎರಡೂ ಸೇರಿ ನಾನೂರು ವಾಟ್, ಬೇಕಾದ್ದಕ್ಕಿಂತ ಇನ್ನೂ ಹೆಚ್ಚೇ ಇದೆ ಎಂದು ಕೈ ಝಾಡಿಸಿದ.

ಬಲ್ಬುಗಳು ಸೊರಗಿ ಕೆಂಪಗೆ ಮಿಣುಕಿದವು. ಕಣ್ಣೇನು ಅಳತೆಯ ಸಾಧನವೇ? ಸಂಜೆಗೆ ಥರ್ಮಾಮೀಟರ್ ಮೂವತ್ತಕ್ಕಿಂತ ಕೆಳಗಿಳಿದಿತ್ತು. ಅದಕ್ಕೆ ವಯಸ್ಸಾಗಿದೆ ಎಂದು ತೀರ್ಮಾನಿಸಿದ. ಮೊಟ್ಟೆ ತಿರುಗಿಸಿದ್ದೇನೋ ನಿಜ. ಶಾಕ್ ಹೊಡೆದೀತೆಂದು ಮರದ ಸೌಟಿನಲ್ಲಿ ತಿರುಗಿಸಿದ, ಮಹಾನುಭಾವ!

ಮಾರನೆಯ ದಿನ ಹೆಂಡತಿಯ ಫೋನು ಬಂತು.

"ಎಷ್ಟಿದೆ ರೀ?"

"ಎಲ್ಲಾ ಲೆಕ್ಕದ ಪ್ರಕಾರ ಇದೆ."

"ಲೆಕ್ಕ ಬೇಡ. ಥರ್ಮಾಮೀಟರ್ ಎಷ್ಟು ತೋರಿಸ್ತಿದೆ?"

"ಅದು ಕೆಟ್ಟಿದೆ ಕಣೇ."

ಅವಳು ತಾಯಿಯನ್ನು ತಮ್ಮನಿಗೆ ಒಪ್ಪಿಸಿ ಸಿಕ್ಕಿದ ಬಸ್ಸು ಹತ್ತಿದಳು. ಬೆಳಗಾಗುವ ಹೊತ್ತಿಗೆ ಬಂದವಳು ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ನುಗ್ಗಿದಳು. ಒಂದು ಮೊಟ್ಟೆ ತೆಗೆದು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಒಂದೊಂದಕ್ಕೂ ಟಾರ್ಚು ಹಿಡಿದು ನೋಡಿದಳು, ಕೊನೆಯದನ್ನು ತುಂಬಾ ಹೊತ್ತು ನೋಡಿದಳು. ಒಂದರಲ್ಲೂ ಏನೂ ಅಲುಗಾಡಲಿಲ್ಲ.

ಅವಳ ಮುಖವನ್ನು ಅವನೂ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಹತ್ತಿರ ಹೋಗಿ ಕೂರುತ್ತಿದ್ದರು. ಇವನು ಎದ್ದುಬಿದ್ದು ಕರಡಿನ ಹಾಳೆಗಳ ಹತ್ತಿರ ಓಡಿದ. ಮಧ್ಯಾಹ್ನದವರೆಗೆ ತಡಕಾಡಿ ಒಂದು ಅಡಿಟಿಪ್ಪಣಿ ಹಿಡಿದ. ಸಣ್ಣಕ್ಷರದ ಎರಡು ಸಾಲು. ಅದರಲ್ಲಿದ್ದ ಕಾಮಾ ಅವನೇ ಕೆಂಪಿನಲ್ಲಿ ಹಾಕಿದ್ದು. ಕಾಮಾ ಹಾಕಿದ್ದ, ಸಾಲು ಓದಿರಲಿಲ್ಲ. ಹಾಳೆ ಹಿಡಿದು ಹಿತ್ತಲಿಗೆ ಓಡಿದ.

"ಸಿಕ್ತು ಕಣೇ, ಸಿಕ್ತು! ಉರಿಯುವಾಗ ಬಲ್ಬಿನ ತಂತಿ ಕಾದು ಓಮು ಹತ್ತಾರು ಪಟ್ಟು ಏರುತ್ತಂತೆ! ನಾನು ಅಳೆದಿದ್ದು ಉರಿಯದ ಬಲ್ಬು. ಅರವತ್ತು ವಾಟೇ ಸರಿ! ನನ್ನ ಲೆಕ್ಕ ಸರಿ, ಅಳತೆ ಮಾತ್ರ ತಪ್ಪು!"

ಗೋಡೆಯ ಬುಡದಲ್ಲಿ ಗುದ್ದಲಿಯಿಂದ ಗುಂಡಿ ತೋಡುತ್ತಿದ್ದವಳು ತಲೆಯೆತ್ತಿದಳು. ಕಣ್ಣು ಕೆಂಪಗಾಗಿತ್ತು.

"ಬಲ್ಬು ತಣ್ಣಗಿತ್ತು ಅಂತ ಈಗ ಗೊತ್ತಾಯ್ತು. ಮೊಟ್ಟೆ ತಣ್ಣಗಾಗಿದ್ದು ಗೊತ್ತಾಗಲಿಲ್ವಾ? ಒಂದೇ ಒಂದು ಸಲ ಕೈ ಇಟ್ಟು ನೋಡೋಕೆ ಏನಾಗಿತ್ರೀ ನಿಮಗೆ?" ಎಂದವಳೇ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು.

ಅವನು ಹಾಳೆ ಹಿಡಿದುಕೊಂಡೇ ನಿಂತಿದ್ದ.

ವಾರವಿಡೀ ಅವಳು ಊಟ ಬಡಿಸಿದಳು, ಮಾತಾಡಲಿಲ್ಲ. ಅವನು ವೈರು ಬಿಚ್ಚಿ ಮೊದಲಿನಂತೆ ಜೋಡಿಸಿದ, ಹೊಸ ಥರ್ಮಾಮೀಟರ್ ತಂದಿಟ್ಟ. ಆಮೇಲೊಂದು ಬೆಳಿಗ್ಗೆ ಅವಳು ಪಕ್ಕದ ಮನೆಯಿಂದ ಹೊಸ ಮೊಟ್ಟೆಗಳ ಜೊತೆ ಕಾವಿಗೆ ಕೂತ ಹೇಂಟೆಯೊಂದನ್ನೂ ಕಂಕುಳಲ್ಲಿ ಅವಚಿಕೊಂಡು ಬಂದಳು.

"ಅದ್ಯಾಕೆ ತಂದೆ? ಪೆಟ್ಟಿಗೆ ಸರಿ ಮಾಡಿದೀನಲ್ಲ. ಲೆಕ್ಕಾನೂ ತಿದ್ದಿದೀನಿ" ಅಂದ ಮೆಲ್ಲಗೆ.

ಅವಳು ಬುಟ್ಟಿಗೆ ಹುಲ್ಲು ಹಾಸುತ್ತಾ, ಅವನತ್ತ ತಿರುಗದೆಯೇ ಹೇಳಿದಳು:

"ಇರಲಿ ಬಿಡಿ. ಇದಕ್ಕೆ ಓದೋಕೆ ಬರಲ್ಲ. ಮೊಟ್ಟೆ ಬಿಟ್ಟು ಎದ್ದು ಹೋಗಲ್ಲ."