ಬೋರ್ಡಿನ ದರಕ್ಕೆ ಒಂದು ಉಡಿ ಸೀರೆ

ಮೊನ್ನೆ ಹಾನಗಲ್ಲಿನ ಅಂಗಡಿಯೊಂದರಲ್ಲಿ ಸಾಬೂನು ಕೊಂಡೆ. ಕಪಾಟಿನ ಚೀಟಿಯಲ್ಲಿ ನಲವತ್ತು, ಬಿಲ್ಲಿನಲ್ಲಿ ಐವತ್ತೆರಡು. ಕೇಳಿದರೆ, “ಹಳೇ ಚೀಟಿ ಐತ್ರಿ ಸರ್” ಎಂದರು. ಈ ಹಳೆಯ ಚೀಟಿಗಳಲ್ಲಿ ದರ ಎಂದೂ ಹೆಚ್ಚಿಗೆ ಇರುವುದಿಲ್ಲ, ಗಮನಿಸಿದ್ದೀರಾ? ಗೊಣಗುತ್ತಾ ದುಡ್ಡು ಕೊಟ್ಟು ಬಂದೆ.

ಈ ಸಂಶಯದ ಬುದ್ಧಿ ಅವ್ವನಿಂದ ಬಂದದ್ದು. ಸವಣೂರಿನಲ್ಲಿ ಅವಳು ಹಾಲಿನವನ ಮುಖಕ್ಕಿಂತ ಮೊದಲು ಅವನ ಮಾಪು ನೋಡುತ್ತಿದ್ದಳು. ಆದರೆ ಮುತ್ತೈದೆಗೆ ಉಡಿ ತುಂಬುವ ಸೀರೆಗೆ ಮಾತ್ರ ಚೌಕಾಸಿ ಮಾಡಬಾರದೆಂಬುದು ನಮ್ಮ ಮನೆಯ ಕಟ್ಟುಪಾಡು. ಒಮ್ಮೆ ಅಂಥ ಸೀರೆ ಕೊಳ್ಳಹೋಗಿಯೇ ಸಿಕ್ಕಿಬಿದ್ದಳು. ಶಿಗ್ಗಾವಿಯ ಅಂಗಡಿಯೊಂದರ ಬಾಗಿಲಲ್ಲಿ ಕಾಟನ್ ಸೀರೆ ಮುನ್ನೂರೈವತ್ತು ಎಂಬ ಬೋರ್ಡು. ಒಳಗೆ ಕೇಳಿದರೆ ಐನೂರ ಮೂವತ್ತು.

“ಬರಿಯೋದ್ರಾಗ ತಪ್ಪಾಗೈತ್ರಿ ಅಮ್ಮಾರ,” ಎಂದ ಮಾಲೀಕ.

ಅವ್ವ ನನ್ನಿಂದ ವಕೀಲ ಕಾಕಾಗೆ ಫೋನ್ ಹಚ್ಚಿಸಿದಳು. “ಖರೇನ ತಪ್ಪಾಗಿದ್ರ ಆ ರೇಟಿಗೆ ಕೊಡಲೇಬೇಕು ಅಂತೇನಿಲ್ಲ ವೈನಿ. ಆದ್ರ ಗೊತ್ತಾದ ಮ್ಯಾಲೂ ಬೋರ್ಡ್ ತಗೀಲಿಲ್ಲಂದ್ರ ಅದು ಮೋಸ. ಗ್ರಾಹಕರ ಆಯೋಗಕ್ಕ ದೂರು ಕೊಡಬಹುದು,” ಎಂದರು ಕಾಕಾ.

“ಹಂಗಾರ ನೋಡೇಬಿಡೋಣ,” ಎಂದು ಅವ್ವ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಳು. ತಾಸು ಕಳೆಯಿತು. ಬೋರ್ಡು ಅಲುಗಲಿಲ್ಲ. ಅದನ್ನು ನೋಡಿ ಒಳಗೆ ಹೋದ ಮೂವರು ಮುಜುಗರಕ್ಕೆ ಬಿದ್ದು ಐನೂರ ಮೂವತ್ತು ಕೊಟ್ಟೇ ಹೊರಬಂದರು. ಪ್ರತಿ ಸಲವೂ ಅವ್ವ ನನ್ನನ್ನು ಚಿವುಟಿ, “ಕಂಡಿ?” ಎನ್ನುವಳು. ನನಗೂ ದೊಡ್ಡ ಪತ್ತೇದಾರನಾದ ಜಂಬ.

ನಾಲ್ಕನೆಯವಳು ದುಂಡಸಿಯ ಬಸ್ಸಿಳಿದು ಬಂದ ಹೆಂಗಸು. ದರ ಕೇಳಿದ್ದೇ, ಬಿಡಿಸಿದ ಸೀರೆಯನ್ನು ತಾನೇ ಮಡಚಿಟ್ಟು ಹೊರಟಳು. ಅವ್ವ ಅವಳ ಕೈ ಹಿಡಿದಳು. “ತಾಸಿನಿಂದ ಹಿಂಗ ಮಾಡ್ಲಿಕ್ಕತ್ತಾರ ನೋಡವಾ. ಎಲ್ಲಾ ನೋಡಿಟ್ಟೇನಿ ನಾನು.”

ಹೆಂಗಸು ಕೈ ಬಿಡಿಸಿಕೊಂಡಳು. “ತಾಸಿನಿಂದ ನೋಡಾಕತ್ತೀರಿ? ಮತ್ತ ನಾ ಒಳಗ ಹೋಗೋ ಮುಂದ ಯಾಕ ಹೇಳಲಿಲ್ರಿ? ನೀವೂ ಇವ್ರ ಪೈಕಿನ ಏನ್ರಿ?”

ಅವ್ವನ ಮುಖ ಸಪ್ಪಗಾಯಿತು. ಊರನ್ನೆಲ್ಲ ಸಂಶಯಿಸಿದವಳ ಮೇಲೆ ಸಂಶಯಪಟ್ಟವಳು ಆ ಹೆಂಗಸೊಬ್ಬಳೇ. ಅವ್ವ ಎದ್ದುಹೋಗಿ ಬೋರ್ಡಿನ ಕೆಳಗೆ ನಿಂತು, ಬಂದವರಿಗೆಲ್ಲ ದೊಡ್ಡ ದನಿಯಲ್ಲಿ ನಿಜವಾದ ದರ ಹೇಳತೊಡಗಿದಳು. ಸ್ವಲ್ಪ ಹೊತ್ತಿನಲ್ಲೇ ಮಾಲೀಕ ಬೋರ್ಡು ಇಳಿಸಿದ. ಇನ್ನೂ ಅಲ್ಲೇ ನಿಂತಿದ್ದ ದುಂಡಸಿಯವಳನ್ನು ಕರೆದು ಮುನ್ನೂರೈವತ್ತಕ್ಕೇ ಸೀರೆ ಕೊಟ್ಟ. ಅವ್ವ ತನಗೆ ಬೇಡವೆಂದಳು.

ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: “ಮೂರು ಮಂದಿ ಹೋಗೋತನಕ ಸುಮ್ನ ಕೂತಿದ್ನಲ್ಲೋ.”

ಇಷ್ಟು ಬರೆದ ಮೇಲೆ ನಿಮ್ಮಿಂದ ಮುಚ್ಚಿಡುವುದೇನು? ಮೊನ್ನೆ ನನ್ನ ಹಿಂದೆ ನಿಂತಿದ್ದ ಮುದುಕರ ಕೈಯಲ್ಲೂ ಅದೇ ಸಾಬೂನಿತ್ತು. ನೋಡಿದ್ದೆ. ಹೇಳಲಿಲ್ಲ.